ಒಂದು ಕಡೆ ದಪ್ಪಗಾದ ರೊಟ್ಟಿ

ಅವರ ಬಲಗೈಯ ಹೆಬ್ಬೆರಳಿನ ಬುಡ ಹಳೆಯ ಮಣೆಯ ಅಂಚಿನ ಹಾಗೆ ಗಟ್ಟಿಯಾಗಿ, ನುಣುಪಾಗಿ ಹೊಳೆಯುತ್ತಿತ್ತು. ಜೋಳದ ರೊಟ್ಟಿ ಬಡಿದು ಬಡಿದು ಹಾಗಾದ ಕೈ. ಹೊಸಬರು ಯಾರಾದರೂ ಕೈಕುಲುಕಿದರೆ ಒಮ್ಮೆ ತಿರುಗಿಸಿ ನೋಡುತ್ತಿದ್ದರು. "ನೋಡ್ರಿ, ನೋಡ್ರಿ. ಪಾಸ್‌ಪೋರ್ಟಿನಾಗ ಸಿಕ್ಕಾ ಹೊಡದಂಗ ಐತಿ. ಎಲ್ಲಿಂದ ಬಂದೀನಿ ಅಂತ ಕೇಳೂದ ಬ್ಯಾಡ," ಎನ್ನುತ್ತಿದ್ದರು ಆಂಟಿ.

ನಾನು ಹೇಳಹೊರಟಿರುವ ಶನಿವಾರದ ಬೆಳಿಗ್ಗೆ ಆ ಕೈ ಹೂಸ್ಟನ್ ಪಕ್ಕದ ಫುಲ್‌ಶೀರಿನ ಅವರ ಮಗನ ಮನೆಯ ಊಟದ ಮೇಜಿನ ಮೇಲೆ ಹಿಟ್ಟು ಮೆತ್ತಿಕೊಂಡು ಕೂತಿತ್ತು. ಮೇಜಿನ ಈಚೆ ಆಂಟಿ. ಆಚೆ ಗಾಲಿಕುರ್ಚಿಯಲ್ಲಿ ಪಕ್ಕದ ಮನೆಯ ನಾರ್ವೆ ಅಜ್ಜ. ಅವರ ಹಿಂದೆ, ಫ್ರಿಜ್ಜಿಗೆ ಒರಗಿಕೊಂಡು, ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ ಅಜ್ಜನ ಮಗಳು. ಕೈಯಲ್ಲಿ ಕಾರಿನ ಕೀ ಇನ್ನೂ ಹಾಗೇ ಇತ್ತು. ಮೂಲೆಯ ಸ್ಟೂಲಿನ ಮೇಲೆ ನಾನು, ಫ್ರಿಸ್ಕೋಗೆ ಒಯ್ಯಬೇಕಾದ ಕಡಕ್ ರೊಟ್ಟಿಯ ಡಬ್ಬಗಳಿಗೆ ಟೇಪ್ ಸುತ್ತುತ್ತಿದ್ದೆ. ಏನು ನಡೆಯುತ್ತಿತ್ತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಂಟಿ ಹುಬ್ಬಳ್ಳಿಯವರು. ಗಂಡ ತೀರಿಕೊಂಡ ಮೇಲೆ ಮಗನ ಹತ್ತಿರ ಬಂದರು. ಬಂದ ಹೊಸದರಲ್ಲಿ, ಕೂತು ಕೂತು ಬೇಜಾರೆಂದು ಹಿಲ್‌ಕ್ರಾಫ್ಟಿನ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತರಿಸಿ ರೊಟ್ಟಿ ಬಡಿಯತೊಡಗಿದರು. ಮೊದಲು ಮನೆಗೆ, ಆಮೇಲೆ ಬೀದಿಗೆ, ಆಮೇಲೆ ಹೂಸ್ಟನ್ನಿನ ಅರ್ಧ ಕನ್ನಡಿಗರಿಗೆ ಅವರೇ ರೊಟ್ಟಿ ಆಂಟಿ ಆದರು. ಅವರ ಮಗಳು ಡಲ್ಲಾಸಿನ ಪಕ್ಕದ ಫ್ರಿಸ್ಕೋದಲ್ಲಿ, ಅಲ್ಲಿನ ಸ್ನೇಹಿತರಿಗೂ ರೊಟ್ಟಿ ಬೇಕಾಯಿತು. ನಾನು ಹೂಸ್ಟನ್ನಿನಲ್ಲಿದ್ದರೂ ನನ್ನ ಆಫೀಸು ಡಲ್ಲಾಸಿನಲ್ಲಿ ಇದ್ದದ್ದರಿಂದ, ತಿಂಗಳಿಗೆ ಒಂದೆರಡು ಸಲ ಹೋಗುವಾಗ ಡಬ್ಬ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಮೈಸೂರಿನವನು. ಅವರಿಗೆ ಅದೊಂದು ತಮಾಷೆ. "ನಿಮ್ಮ ಮಂದಿ ಮಾತಾಡಿದ್ರ ಪಾಯಸ ಬಡಿಸಿದಂಗಪಾ. ಎಲ್ಲಿ ಸುರು, ಎಲ್ಲಿ ಮುಗೀತು ಗೊತ್ತಾಗಂಗಿಲ್ಲ. ನಮ್ಮದು ನೋಡು, ರೊಟ್ಟಿ ಬಡದಂಗ." ಹಾಗೆಂದು ಮೇಜಿನ ಮೇಲೆ ಪಟಪಟನೆ ಬಡಿದು ತೋರಿಸುತ್ತಿದ್ದರು. ನನ್ನ ಕನ್ನಡವನ್ನು ಅಜ್ಜಿಯರು, ಸೋದರತ್ತೆಯರು ಬೆಳೆಸಿದ್ದರು. ಅದಕ್ಕೆ ಖಾರ ಹಾಕಿದವರು ಈ ಆಂಟಿ.

ನಾರ್ವೆ ಅಜ್ಜ ಒಂದು ಕಾಲಕ್ಕೆ ಸಮುದ್ರದ ನಡುವಿನ ತೈಲಬಾವಿಗಳಲ್ಲಿ ಕೆಲಸ ಮಾಡಿದವರು. ಕೆಲಸದ ಮೇಲೆ ಹೂಸ್ಟನ್ನಿಗೆ ಬಂದು, ಟೆಕ್ಸಸ್ಸಿನ ಹೆಣ್ಣನ್ನೇ ಮದುವೆಯಾಗಿ, ಇಲ್ಲೇ ನಿಂತರು. ಹೆಂಡತಿ ಹೋದ ಮೇಲೆ ಒಬ್ಬರೇ. ಗ್ಯಾರೇಜಿನಲ್ಲಿ ಒಂದು ಮರದ ದೋಣಿ ಕಟ್ಟುತ್ತಿದ್ದರು. ಅದು ಮುಗಿಯುವುದು ಅವರಿಗೂ ಬೇಕಿರಲಿಲ್ಲ ಅಂತ ನನ್ನ ಗುಮಾನಿ. ಒಂದು ಚಳಿಗಾಲ ಊರಿಗೆ ಊರೇ ಹೆಪ್ಪುಗಟ್ಟಿ ಕರೆಂಟು ಹೋದಾಗ, ಅಜ್ಜ ತಮ್ಮ ಸೌದೆ ಒಲೆಯನ್ನು ಎಳೆದುಕೊಂಡು ಬಂದು ಆಂಟಿಯ ಮನೆಯ ಹಿತ್ತಿಲಲ್ಲಿ ಹಚ್ಚಿಕೊಟ್ಟರು. ಆಂಟಿ ಅದರ ಮೇಲೆ ಹಂಚಿಟ್ಟು ಇಡೀ ಬೀದಿಗೆ ರೊಟ್ಟಿ ಹಾಕಿದರು. ಒಣಗಿದ ಕಡಕ್ ರೊಟ್ಟಿಯೊಂದನ್ನು ಮುರಿದು, ಆ ಸದ್ದು ಕೇಳಿ ಅಜ್ಜ ನಕ್ಕರಂತೆ: ನನ್ನ ತಾಯಿಯ ಮನೆಯಲ್ಲೂ ಇಂಥದ್ದೇ ಇತ್ತು, ಇಷ್ಟೇ ತೆಳು, ಇದೇ ಸದ್ದು. ಅಂದಿನಿಂದ ಆಂಟಿಗೆ ಅವರು ಬಾಜೂಮನಿ ಅಣ್ಣಾವ್ರು.

ಆ ಅಣ್ಣಾವ್ರಿಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಬಿದ್ದುಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬಾಯಿಗೆ. ಟೆಕ್ಸಸ್ಸಿನಲ್ಲಿ ಅರ್ಧ ಆಯುಷ್ಯ ಆಡಿದ ಇಂಗ್ಲಿಷ್ ತೊಳೆದಿಟ್ಟ ಹಾಗೆ ಹೋಯಿತು. ಉಳಿದದ್ದು ಬಾಲ್ಯದ ಭಾಷೆಯ ಚೂರುಪಾರು, ಅದೂ ಗಂಟಲಿನವರೆಗೆ ಬಂದು ನಿಲ್ಲುತ್ತಿತ್ತು. ಮಗಳಿಗೆ ಆ ಭಾಷೆ ಬರುತ್ತಿರಲಿಲ್ಲ. ಮನೆಯಲ್ಲಿ ಯಾವತ್ತೂ ಆಡಿದವರಿಲ್ಲ. ಸ್ಪೀಚ್ ಥೆರಪಿಸ್ಟ್ ಒಳ್ಳೆಯ ಹೆಂಗಸು, ನೇರವಾಗಿ ಹೇಳಿದರು: ಯಾವ ಭಾಷೆ ಬಾಯಿಗೆ ಬರುತ್ತದೋ ಅದನ್ನೇ ಹಿಡಿದುಕೊಳ್ಳಿ, ಒಂದೊಂದು ಪದಕ್ಕೂ ಎಡಗೈಯಲ್ಲಿ ತಟ್ಟಿಸಿ, ಕೈಯ ಹಿಂದೆ ಮಾತು ಬರುವುದುಂಟು. ನನಗೆ ನಾರ್ವೆಯ ಭಾಷೆ ಗೊತ್ತಿಲ್ಲ, ಗೊತ್ತಿರುವವರನ್ನು ಹುಡುಕಿ.

ಮಗಳು ಗಡುವು ಹಾಕಿದಳು. ಅವಳನ್ನು ತಪ್ಪು ಅನ್ನಲಾಗದು. ಹಗಲು ನೋಡಿಕೊಳ್ಳಲು ಒಬ್ಬ ಆಳಿದ್ದ. ಆದರೆ ನೀರು ಬೇಕು, ತಲೆ ನೋಯುತ್ತಿದೆ ಅಂತ ಹೇಳಲಾಗದವರನ್ನು ಮನೆಯಲ್ಲಿ ಎಷ್ಟು ದಿನ ಬಿಟ್ಟಿರಲು ಸಾಧ್ಯ? ಬೇಸಿಗೆ ಮುಗಿಯುವುದರೊಳಗೆ ಅಪ್ಪ ತನಗೆ ಬೇಕಾದದ್ದನ್ನು ತಿಳಿಸುವಂತಾದರೆ ಸರಿ. ಇಲ್ಲದಿದ್ದರೆ ಫುಲ್‌ಶೀರಿನ ಮನೆ ಮಾರಿ ಆಸ್ಟಿನ್ನಿನ ಆರೈಕೆ ಕೇಂದ್ರಕ್ಕೆ ಸೇರಿಸುವುದು. ಈ ಮಾತು ಆಡುವಾಗ ಅಜ್ಜ ಅಲ್ಲೇ ಇದ್ದರು. ಅವರ ಎಡಗೈ ಗಾಲಿಯ ರಿಮ್ಮನ್ನು ಬಿಗಿಯಾಗಿ ಹಿಡಿದದ್ದನ್ನು ಆಂಟಿ ನೋಡಿದರು.

ಮಾರನೆಯ ದಿನ ಒಂದು ಕಡಕ್ ರೊಟ್ಟಿಯನ್ನು ಅಜ್ಜನ ಎಡಗೈಗೆ ಕೊಟ್ಟರು. ಅಜ್ಜ ಅದನ್ನು ಮೇಜಿನ ಅಂಚಿಗೆ ಒತ್ತಿ ಮುರಿದರು. ಆ ಸದ್ದಿನ ಹಿಂದೆಯೇ ಬಾಯಿಂದ ಒಂದು ಪದ ಬಿತ್ತು: "ಫ್ಲಾತ್‌ಬ್ರೋ." ಚಪ್ಪಟೆ ರೊಟ್ಟಿ. ಪಾರ್ಶ್ವವಾಯುವಿನ ನಂತರ ಅವರು ಪೂರ್ತಿ ಆಡಿದ ಮೊದಲ ಪದ ಅದು. ಆಂಟಿ ಆ ಸಂಜೆಯೇ ನನಗೆ ಫೋನ್ ಮಾಡಿದರು.

"ತಮ್ಮಾ, ಆ ನಾರ್ವೆ ಭಾಷಾ ಫೋನಿನಾಗ ಸಿಗತೈತೇನು?"

"ಸಿಗುತ್ತೆ ಆಂಟಿ. ಯಾಕೆ?"

"ಕಲೀಬೇಕು."

"ಯಾರು?"

"ನಿಮ್ಮ ಮೈಸೂರು ಅರಸರು. ಯಾರು ಅಂದ್ರ ಏನೋ, ನಾನ."

ಕಲಿಯುವುದೇನೋ ಶುರುವಾಯಿತು. ಫೋನು ಹೇಳಿದ ಪದಗಳನ್ನು ಆಂಟಿ ಬಾಯಿಪಾಠ ಮಾಡಿದರು. ತಲೆಗೆ ಹೂದೆ, ನೋವಿಗೆ ಪೀನೆ, ಸೇರಿಸಿದರೆ ಹೂದೆಪೀನೆ. "ನಮ್ಮ ತಲಿನೋವು ಇದ್ದಂಗ ಐತಲ್ಲೋ," ಎಂದು ಖುಷಿಪಟ್ಟರು. ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅಜ್ಜನನ್ನು ಎದುರು ಕೂರಿಸಿಕೊಂಡು, ಕೈಯ ಬಡಿತಕ್ಕೆ ಸರಿಯಾಗಿ ಪದ ಹೇಳಿದರು. ಹೂ, ದೆ, ಪೀ, ನೆ. ಅಜ್ಜ ನೋಡುತ್ತಲೇ ಇದ್ದರು. ಆ ಕಣ್ಣಿನಲ್ಲಿ ಏನೂ ಹೊತ್ತಿಕೊಳ್ಳುತ್ತಿರಲಿಲ್ಲ. ಒಂದು ವಾರ ಹೀಗೇ ಹೋಯಿತು. ನಾನೂ ಕೂತು ಹೇಳಿದೆ. ನನ್ನದಕ್ಕೆ ಅಜ್ಜ ಕಣ್ಣು ಮುಚ್ಚಿಕೊಂಡರು.

ಹೂಸ್ಟನ್ ಬಂದರಿನ ಕಡೆ ನಾರ್ವೆಯವರು ಭಾನುವಾರ ಕಾಫಿಗೆ ಸೇರುತ್ತಾರೆ ಎಂದು ಯಾರೋ ಹೇಳಿದರು. ಆಂಟಿ ನನ್ನ ಕಾರು ಹತ್ತಿದರು, ಮಡಿಲಲ್ಲಿ ರೊಟ್ಟಿಯ ಡಬ್ಬ. ಅಲ್ಲಿ ಬಿಳಿ ಕೂದಲಿನ ಒಬ್ಬ ಹೆಂಗಸು ಆಂಟಿಯ ಹೂದೆಪೀನೆ ಕೇಳಿ, ನಗದೆ, ಇನ್ನೊಮ್ಮೆ ಹೇಳಿ ಎಂದರು. ಮತ್ತೊಮ್ಮೆ. ಆಮೇಲೆ ಬಿಡಿಸಿ ಹೇಳಿದರು: ನೀವು ನಾಲ್ಕು ತುಂಡುಗಳನ್ನು ಒಂದೇ ತೂಕದಲ್ಲಿ ಇಡುತ್ತಿದ್ದೀರಿ. ನಮ್ಮ ಕಿವಿಗೆ ಅದು ಪದವಾಗಿ ಕೇಳಿಸುವುದೇ ಇಲ್ಲ, ಮೆಟ್ಟಿಲ ಮೇಲೆ ಉರುಳಿದ ಗೋಲಿಗಳ ಹಾಗೆ ಕೇಳಿಸುತ್ತದೆ. ಎರಡು ಪದ ಸೇರಿ ಒಂದಾದಾಗ ಭಾರವೆಲ್ಲ ಮೊದಲನೆಯದರ ತಲೆಯ ಮೇಲೆ. ಎರಡನೆಯದಕ್ಕೆ ಅರ್ಧ ಭಾರ. ಹಾಗಂತ ಅದು ಸಾಯಬಾರದು. ಉಸಿರು ನಡುವೆ ನಿಲ್ಲಬಾರದು, ಆದರೆ ಎಲ್ಲಿ ಸೇರಿದೆ ಅನ್ನುವುದು ಕೇಳಿಸಬೇಕು.

ವಾಪಸು ಬರುವ ದಾರಿಯಲ್ಲಿ, ಹೈವೇಯ ಮೇಲೆ, ಇದ್ದಕ್ಕಿದ್ದಂತೆ ಆಂಟಿ ಹೇಳಿದರು: "ಹೊಸ್ತಿಲಾ ದಾಟಿದಂಗ ತಮ್ಮಾ. ಕಾಲು ಎತ್ತಿ ಇಡಬೇಕು, ಆದ್ರ ಹೊಸ್ತಿಲ ಮ್ಯಾಲ ನಿಲ್ಲಬಾರದು. ಹೌದಿಲ್ಲೋ?"

ತಿಳಿಯುವುದು ಸುಲಭವಾಗಿತ್ತು, ಕೈ ಕೇಳಲಿಲ್ಲ. ಏಕೆಂದರೆ ರೊಟ್ಟಿ ಬಡಿಯುವ ಕೈಗೆ ಹುಟ್ಟಿನಿಂದ ಒಂದೇ ಪಾಠ: ಎಲ್ಲ ಬಡಿತವೂ ಸಮ ಇರಬೇಕು. ಒಂದು ಜೋರಾಗಿ, ಇನ್ನೊಂದು ಮೆತ್ತಗೆ ಬಿದ್ದರೆ ರೊಟ್ಟಿ ಹರಿಯುತ್ತದೆ, ಇಲ್ಲವೇ ಒಂದು ಕಡೆ ದಪ್ಪವಾಗುತ್ತದೆ. ತಾಯಿಯ ಎದುರು ಕೂತು, ಅತ್ತೆಯ ಎದುರು ನಿಂತು, ಜೀವಮಾನವಿಡೀ ಸಮ ಮಾಡಿದ ಕೈ ಅದು. ಆ ಕೈ ಸಮ ಬಡಿದಾಗ ಬಾಯಿಯೂ ಸಮವೇ ಹೇಳುತ್ತಿತ್ತು. ಅಜ್ಜನಿಗೆ ಪದ ಮುಟ್ಟದೆ ಇದ್ದದ್ದು ಆ ಅಚ್ಚುಕಟ್ಟಿನಿಂದಲೇ.

"ರೊಟ್ಟಿ ಬಿಟ್ಟು ಸುಮ್ಮನೆ ಮೇಜು ತಟ್ಟಿ ಆಂಟಿ," ಎಂದೆ.

"ಮೇಜು ತಟ್ಟಿದ್ರ ಅಣ್ಣಾವ್ರು ನೋಡಂಗಿಲ್ಲಪಾ. ಹಿಟ್ಟಿನ ಸಪ್ಪಳಕ್ಕ ಅವ್ರ ಕಣ್ಣು ಬರತಾವು. ಕೈ ಕೆಡಿಸಿಕೋಬೇಕು, ಅಷ್ಟ."

ಕೆಡಿಸಿಕೊಂಡರು. ದಿನಾ ಬೆಳಿಗ್ಗೆ, ಹಟ ಹಿಡಿದು, ಮೊದಲ ಬಡಿತ ಭಾರ, ಎರಡನೆಯದು ಹಗುರ. ಹೂದೆ, ಪೀನೆ. ಸೋವೆ, ರೂಮ್. ಮಲಗುವ ಕೋಣೆ. ಹಿಟ್ಟು ಮೊದಮೊದಲು ಹರಿದೇ ಹೋಯಿತು. ಆಮೇಲೆ ಹರಿಯಲಿಲ್ಲ, ಆದರೆ ರೊಟ್ಟಿಗಳು ಸೊಟ್ಟಗಾದವು. ಒಂದು ಅಂಚು ದಪ್ಪ, ಇನ್ನೊಂದು ಹಪ್ಪಳ. ನಾನು ಅವನ್ನೇ ಡಬ್ಬಕ್ಕೆ ತುಂಬಿ ಡಲ್ಲಾಸಿಗೆ ಒಯ್ದೆ. ಫ್ರಿಸ್ಕೋದಿಂದ ಫೋನು ಬಂತು, ಆಂಟಿಯ ಮಗಳ ಗೆಳತಿಯೊಬ್ಬಳು ನಯವಾಗಿ ಕೇಳಿದಳು, "ಆಂಟಿ, ಹುಷಾರಾಗಿದ್ದೀರಾ? ಈ ಸಲ ರೊಟ್ಟಿ ಒಂದು ಕಡೆ ದಪ್ಪ ಬಂದಿದೆ."

"ಅದು ನಾರ್ವೆ ರೊಟ್ಟಿ ಅವ್ವಾ. ದಪ್ಪ ಕಡಿಂದ ತಿನ್ನು, ತೆಳ್ಳಗಿನ ಕಡೆ ಮುಗಸು."

ಯಾರೋ ಆರ್ಡರ್ ನಿಲ್ಲಿಸಿದರು. ಆಂಟಿ ಲಕ್ಷ್ಯ ಮಾಡಲಿಲ್ಲ. ಜುಲೈ ಬಿಸಿಲು ಶುರುವಾಗಿತ್ತು, ಬೇಸಿಗೆ ಮುಗಿಯಲು ಹೆಚ್ಚು ದಿನ ಇರಲಿಲ್ಲ.

ಒಂದು ದಿನ ಆಂಟಿ ಭಾರವಾಗಿ ಒಂದು ಬಡಿತ ಹಾಕಿ "ಹೂದೆ" ಎಂದು, ಕೈ ಎತ್ತಿ, ಮುಂದಿನದನ್ನು ಇಡುವ ಮೊದಲೇ ಅಜ್ಜನ ಎಡಗೈ ಮೇಜಿನ ಮೇಲೆ ಹಗುರವಾಗಿ ಬಿತ್ತು. "ಪೀನೆ." ಆಂಟಿ ಎದ್ದು ಹೋಗಿ ಸಿಂಕಿನಲ್ಲಿ ಮುಖ ತೊಳೆದುಕೊಂಡು ಬಂದು, ಮತ್ತೆ ಕೂತು, ಮುಂದಿನ ಪದ ಶುರುಮಾಡಿದರಂತೆ. ಆಮೇಲೆ ಅದೇ ಪದ್ಧತಿಯಾಯಿತು: ಮೊದಲರ್ಧ ಆಂಟಿಯದು, ಎರಡನೆಯದು ಅಜ್ಜನದು. ಬಂದರಿನ ಹೆಂಗಸಿನ ಹತ್ತಿರ ಕೇಳಿ, ತಮ್ಮನ್ನು ಕರೆಯಲೂ ಒಂದು ಪದ ತಂದರು: ನಾಬುಕೂನೆ, ನೆರೆಮನೆಯ ಹೆಂಗಸು. ಬೆಳಿಗ್ಗೆ ಗಾಲಿಕುರ್ಚಿ ಬಾಗಿಲಿಗೆ ಬಂದೊಡನೆ ಆಂಟಿ ಚೌಕಟ್ಟನ್ನು ಗುದ್ದಿ "ನಾಬು" ಎನ್ನುವರು, ಅಜ್ಜ ಕುರ್ಚಿಯ ಕೈ ತಟ್ಟಿ "ಕೂನೆ" ಎನ್ನುವರು. "ಊರೆಲ್ಲ ಆಂಟಿ ಅಂದು ಅಂದು ನನ್ನ ಹೆಸರ ಮರ್ತೈತಿ. ಇವ್ರೊಬ್ರು ಹೊಸಾದು ಇಟ್ರು," ಎನ್ನುತ್ತಿದ್ದರು.

ಈಗ ಆ ಶನಿವಾರಕ್ಕೆ ಬರುತ್ತೇನೆ. ಅಜ್ಜನ ಮಗಳು ಬಂದದ್ದು ಆರೈಕೆ ಕೇಂದ್ರ ನೋಡಿಯಾಯಿತು ಎಂದು ಹೇಳಲು. ಆಂಟಿ ಅವಳ ಮಾತು ತಡೆದು, ನಿಂತಲ್ಲೇ ನೋಡು ಎಂದರು. ಒಂದು ಉಂಡೆ ತೆಗೆದುಕೊಂಡು ಬಡಿದರು. ಹೂದೆ, ಪೀನೆ. ಸೋವೆ, ರೂಮ್. ಆಂಟಿ ಅರ್ಧ, ಅಜ್ಜ ಅರ್ಧ. ಮಗಳ ಕೈಯಿಂದ ಕಾರಿನ ಕೀ ಜಾರಿತು.

ಆಂಟಿಯದೂ ಮಗಳದೂ ಮಾತು ಇಂಗ್ಲಿಷಿನಲ್ಲಿ. ಆಂಟಿಯ ಇಂಗ್ಲಿಷ್ ಹುಬ್ಬಳ್ಳಿಯದ್ದು, ಆದ್ದರಿಂದ ಕನ್ನಡದಲ್ಲೇ ಬರೆದರೆ ಹೆಚ್ಚು ನಿಜವಾಗುತ್ತದೆ.

"ನೀವು ಶುರು ಮಾಡಿಕೊಟ್ಟರೆ ಅಪ್ಪ ಮುಗಿಸ್ತಾರೆ. ಆದರೆ ನೀವು ಯಾವಾಗಲೂ ಇರೋದಿಲ್ಲವಲ್ಲ," ಎಂದಳು ಮಗಳು.

"ಅದಕ್ಕ ನೀ ಕುಂದರು. ಕಲಿ."

"ನನಗೆ ಐವತ್ತಾಗ್ತಾ ಬಂತು. ಚಿಕ್ಕವಳಿದ್ದಾಗ ಅಪ್ಪ ಕಲಿಸಲಿಲ್ಲ. ಈಗ ತಡವಾಯ್ತು."

"ಅವಾಗ ಅವ್ರು ಕಲಸಲಿಲ್ಲ, ನೀನೂ ಕೇಳಲಿಲ್ಲ. ಆತು, ಲೆಕ್ಕ ಚುಕ್ತಾ. ನಂಗ ಎಪ್ಪತ್ತು ಹತ್ರ ಬಂತು, ನಾ ಯಾರು ಇವ್ರಿಗೆ? ಕೈ ತೊಳಕೊಂಡು ಬಾ."

ಮಗಳು ಕೈ ತೊಳೆದುಕೊಂಡು ಬಂದಳು. ಹಿಟ್ಟು ಅವಳ ಬೆರಳಿಗೆಲ್ಲ ಮೆತ್ತಿಕೊಂಡಿತು. ಅಜ್ಜನ ತುಟಿಯ ಒಂದು ಬದಿ ಮೇಲೆದ್ದಿತು. ನಗು ಅಷ್ಟೇ ಉಳಿದಿತ್ತು ಅವರಿಗೆ. ಅಂದಿನಿಂದ ಪ್ರತಿ ಶನಿವಾರ ಬಂದಳು. ಆರೈಕೆ ಕೇಂದ್ರಕ್ಕೆ ಉತ್ತರ ಕೊಡಲು ಮಾತ್ರ ಬೇಸಿಗೆಯ ಕೊನೆಯವರೆಗೇ ಅವಕಾಶ ಇತ್ತು.

ಆಗಸ್ಟು ಮುಗಿಯುವ ಹೊತ್ತಿಗೆ ಅಜ್ಜ ಊಟ ಬಿಟ್ಟರು. ರೊಟ್ಟಿ ಕೊಟ್ಟರೆ ತಳ್ಳಿದರು, ಸೂಪಿನ ಚಮಚಕ್ಕೆ ಮುಖ ತಿರುಗಿಸಿದರು. ಪದವನ್ನೂ ಮುಗಿಸಲಿಲ್ಲ. ಮನಸ್ಸು ಸೋತಿದೆ ಎಂದು ಎಲ್ಲರೂ ಅಂದುಕೊಂಡರು. ಮಗಳು ರಜೆ ಹಾಕಿ ಬಂದು ಮನೆಯಲ್ಲೇ ಕೂತಳು, ಕೈಯಲ್ಲಿ ಫೋನು ಹಿಡಿದು. ಅದೇ ವಾರ ಆಂಟಿ ತಟ್ಟನೆ ನನ್ನ ಕಾರು ಹತ್ತಿ ಫ್ರಿಸ್ಕೋಗೆ ಹೊರಟರು. ನನಗೆ ಸಿಟ್ಟು ಬಂತು.

"ಈಗ ಬಿಟ್ಟು ಬರೋದಾ ಆಂಟಿ?"

"ನಾ ಇದ್ರ ಅವ್ರು ನನ್ನ ಕೈ ನೋಡತಾರ. ಮಗಳ ಮುಖ ನೋಡಂಗಿಲ್ಲ. ನಡಿ, ಗಾಡಿ ಬಿಡು."

ಡಲ್ಲಾಸ್ ಬರುವವರೆಗೂ ಅವರ ಬಲಗೈ ತೊಡೆಯ ಮೇಲೆ ಒಂದು ಭಾರ, ಒಂದು ಹಗುರ ತಟ್ಟುತ್ತಲೇ ಇತ್ತು.

ಮೂರನೆಯ ದಿನ ಅವರ ಮಗಳ ಮನೆಗೆ ಫುಲ್‌ಶೀರಿನಿಂದ ಫೋನು ಬಂತು. ನಾನೂ ಅಲ್ಲೇ ಟೀ ಕುಡಿಯುತ್ತಿದ್ದೆ. ಅಜ್ಜನ ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಬೆಳಿಗ್ಗೆ ಗಂಜಿ ಮುಂದಿಟ್ಟಾಗ ಅಪ್ಪ ಎಡಗೈ ಎತ್ತಿ ಮೇಜನ್ನು ಗುದ್ದಿದರಂತೆ. ಯಾರೂ ಶುರು ಮಾಡಿಕೊಟ್ಟಿರಲಿಲ್ಲ. "ತನ್" ಎಂದು, ನಿಲ್ಲಿಸಿ, ಅವಳ ಮುಖ ನೋಡಿದರಂತೆ. ಆ ಪದ ಅವಳಿಗೆ ಗೊತ್ತಿರಲಿಲ್ಲ, ಆಂಟಿ ಕಲಿಸಿರಲಿಲ್ಲ. ಆದರೆ ಬಡಿತ ಗೊತ್ತಿತ್ತು. ಭಾರದ್ದು ಬಿದ್ದಿದೆ, ಹಗುರದ್ದು ಬಾಕಿ ಇದೆ. ತಿಳಿದಿದ್ದ ಎರಡನೆಯ ಅರ್ಧಗಳನ್ನೆಲ್ಲ ಒಂದೊಂದಾಗಿ ಇಟ್ಟು ನೋಡಿದಳು. ರೂಮ್? ಅಲ್ಲ. ಬ್ರೋ? ಅಲ್ಲ. ಪೀನೆ? ಅಪ್ಪನ ಕೈ ಅವಳ ಕೈಯ ಮೇಲೆ ಬಿತ್ತು. ನೋವು. ಯಾವುದರ ನೋವು ಎಂದು ಕೇಳುವ ಮೊದಲೇ ಅವರು ಬಾಯಿ ತೆರೆದು ದವಡೆಯ ಮೂಲೆಗೆ ಬೆರಳಿಟ್ಟರು. ತನ್ ಅಂದರೆ ಹಲ್ಲು, ಅದರ ಬುಡದಲ್ಲಿ ಕೀವು ತುಂಬಿತ್ತು. ಎರಡು ವಾರದಿಂದ ಆ ನೋವನ್ನು ನುಂಗಿಕೊಂಡು, ಹೇಳಲಾಗದೆ, ಸೋತ ಮನುಷ್ಯ ಎನಿಸಿಕೊಂಡು ಕೂತಿದ್ದರು.

ಹಲ್ಲು ಕೀಳಿಸಿದ ಮೇಲೆ ಅಜ್ಜ ಮೊದಲು ತಿಂದದ್ದು ಹಾಲಿನಲ್ಲಿ ನೆನೆಸಿದ ರೊಟ್ಟಿ. ಮಗಳು ಆಸ್ಟಿನ್ನಿನ ಆರೈಕೆ ಕೇಂದ್ರಕ್ಕೆ ಬೇಡ ಎಂದು ಹೇಳಿದಳು. ವಾರದಲ್ಲಿ ಅರ್ಧ ದಿನಗಳು ಫುಲ್‌ಶೀರಿನಿಂದಲೇ ಕೆಲಸ ಮಾಡುವಂತೆ ಆಫೀಸಿನಲ್ಲಿ ಏರ್ಪಾಡು ಮಾಡಿಕೊಂಡಳು. ಉಳಿದ ದಿನ ಅಪ್ಪ ಫೋನಿನಲ್ಲಿ ಅರ್ಧ ಪದ ಹೇಳುತ್ತಿದ್ದರು, ಅವಳು ಉಳಿದರ್ಧ.

ಒಮ್ಮೆ ನಾನು ಕೇಳಿದೆ, ಇಷ್ಟು ಹಟ ಯಾಕೆ ಹಿಡಿದಿರಿ ಎಂದು. ಆಂಟಿ ಹಿಟ್ಟು ನಾದುತ್ತಿದ್ದರು, ತಲೆ ಎತ್ತಲಿಲ್ಲ.

"ನಾಳೆ ನಾ ಬಿದ್ರ ನನ್ನ ಬಾಯಾಗ ಇಂಗ್ಲಿಷ್ ಉಳಿಯಂಗಿಲ್ಲ ತಮ್ಮಾ. ನೀರು ಅಂದ್ರ ನೀರು ತಂದುಕೊಡವ್ರು ಇರಬೇಕು. ಮೊಮ್ಮಕ್ಕಳು ಎಲ್ಲಾ ತಿಳಕೋತಾವು, ಬಾಯಿ ತೆಗದ್ರ ಇಂಗ್ಲಿಷ್. ಅವಕ್ಕೂ ಸುರು ಮಾಡೀನಿ, ಸಣ್ಣಗ." ಆಮೇಲೆ ನನ್ನ ಕಡೆ ನೋಡಿದರು. "ನಿನ್ನ ಮಗಳಿಗೆ ಹೊಟ್ಟಿನೋವು ಅನ್ನಾಕ ಬರತೈತೇನು? ನಿನಗ ಬಂದ್ರ ತಿಳೀಬೇಕಲ್ಲ ಆಕಿಗೆ."

ಬರುತ್ತಿರಲಿಲ್ಲ. ಈಗ ಬರುತ್ತದೆ. ಸಂಜೆ ಕಾರಿನಲ್ಲಿ ನಾನು ಒಂದು ಅರ್ಧ ಹೇಳುತ್ತೇನೆ, ಅವಳು ಸೀಟು ತಟ್ಟಿ ಇನ್ನೊಂದು ಅರ್ಧ ಹೇಳುತ್ತಾಳೆ. ಮನೆಕೆಲಸ, ಮಳೆಗಾಲ, ಕಣ್ಣೀರು. ನಮ್ಮಲ್ಲಿ ಹಾಗೆ ತಟ್ಟುವ ಅಗತ್ಯವಿಲ್ಲ ಅಂತ ಗೊತ್ತು. ಆದರೂ ತಟ್ಟುತ್ತೇವೆ. ಆಂಟಿಯ ಋಣ ನನ್ನ ಮನೆಯಲ್ಲಿ ಹೀಗೆ ಸದ್ದು ಮಾಡುತ್ತಿದೆ.

ಆಂಟಿ ಬೀಳಲಿಲ್ಲ, ಮಾತು ಕಳೆದುಕೊಳ್ಳಲಿಲ್ಲ. ಹೋದ ವರ್ಷ ಚಳಿ ಶುರುವಾದಾಗ, ಬೆಳಗಿನ ಹೊತ್ತು, ಒಲೆಯ ಮೇಲೆ ನೀರಿಟ್ಟು ಕುರ್ಚಿಯಲ್ಲಿ ಕೂತವರು ಹಾಗೇ ಹೋದರು. ನೀರು ಕುದಿಯುವ ಸದ್ದಿಗೆ ಸೊಸೆ ಬಂದು ನೋಡಿದಳು.

ಕಾರ್ಯದ ದಿನ ಮನೆ ತುಂಬ ಜನ. ಫ್ರಿಸ್ಕೋದವರು, ಆಸ್ಟಿನ್ನವರು, ಬಂದರಿನ ಬಿಳಿ ಕೂದಲಿನ ಹೆಂಗಸು. ಊಟದ ಮೇಜಿನ ಮೇಲೆ ಆಂಟಿಯ ಫೋಟೋ ಇಟ್ಟಿದ್ದರು. ಅಜ್ಜ ಗಾಲಿಕುರ್ಚಿ ಬಾಗಿಲಲ್ಲೇ ಬಿಟ್ಟು, ಮಗಳ ತೋಳು ಹಿಡಿದು, ಕಾಲೆಳೆಯುತ್ತ ಮೇಜಿನವರೆಗೆ ಬಂದರು. ತಮ್ಮ ಜಾಗದಲ್ಲಿ ನಿಂತರು. ಎಡಗೈ ಎತ್ತಿ ಒಂದು ಸಲ ಭಾರವಾಗಿ ಇಟ್ಟರು.

"ನಾಬು."

ಕಾದರು. ಎದುರಿನ ಖಾಲಿ ಕುರ್ಚಿಯನ್ನು ನೋಡಿದರು. ಆಮೇಲೆ ಅದೇ ಕೈಯನ್ನು ಹಗುರವಾಗಿ ಮೇಜಿನ ಮೇಲಿಟ್ಟು, ಉಳಿದರ್ಧವನ್ನೂ ತಾವೇ ಹೇಳಿದರು.

"ಕೂನೆ."